ಬೂಷ್ಟು ಸಾಕುವವರ ಊರಿನಲ್ಲಿ

ಹೊರಡುವ ಮುನ್ನ

ದಸರಾ ರಜೆಗೆ ವಿಯೆಟ್ನಾಂಗೆ ಹೋಗುತ್ತಿದ್ದೇನೆ ಎಂದಾಗ ಕುಣಿಗಲ್ಲಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೂ ಕೇಳಿದ್ದು ಒಂದೇ ಪ್ರಶ್ನೆ. ‘ಅಲ್ಲೇನ್ ಮೇಡಂ ನೋಡೋದು?’ ಬೂಷ್ಟು ನೋಡೋದಕ್ಕೆ ಎಂದೆ. ಎಲ್ಲರೂ ನಕ್ಕರು. ನಾನು ನಿಜವನ್ನೇ ಹೇಳಿದ್ದೆ.

ನನ್ನ ಹೆಸರು ಗಿರಿಜಾ. ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಇರುವುದು ತುಮಕೂರಿನ ಸದಾಶಿವನಗರದಲ್ಲಿ. ನಮ್ಮ ಯಜಮಾನರು ಮಹೇಶ್ ಮಾತ್ರ ವಾರದ ಬಹುಪಾಲು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರವಿರುವ ನಮ್ಮ ಎಲೆತೋಟದಲ್ಲೇ ಕಳೆಯುತ್ತಾರೆ. ಎಲೆ ಎಂದರೆ ವೀಳ್ಯದೆಲೆ. ಆ ಮಳೆಗಾಲದಲ್ಲಿ ತೋಟಕ್ಕೆ ಬುಡಕೊಳೆ ಬಿದ್ದಿತ್ತು. ನಿನ್ನೆ ಹಸಿರಾಗಿದ್ದ ಬಳ್ಳಿ ಇವತ್ತು ಜೋತುಬೀಳುತ್ತಿತ್ತು. ಮೆಲ್ಲಗೆ ಎಳೆದರೆ ಬುಡವೇ ಕಳಚಿ ಕೈಗೆ ಬರುತ್ತಿತ್ತು. ಕೊಳೆತ ಜಾಗದಲ್ಲಿ ಹತ್ತಿಯ ಎಳೆಯಂಥ ಬಿಳಿ ದಾರಗಳು, ಅವುಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಂದು ಕಾಳುಗಳು. ಆ ದಾರವೇ ರೋಗದ ಶಿಲೀಂಧ್ರ. ಕಾಳುಗಳು ಅದರ ಬೀಜವಿದ್ದ ಹಾಗೆ. ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿದ್ದು, ತೇವ ಸಿಕ್ಕ ಕೂಡಲೇ ಏಳುತ್ತವೆ.

ಇದಕ್ಕೆ ದಾರಿ ಹೇಳಿದವಳು ಶಾಹೀನಾ. ಹಿಂದೆ ತುಮಕೂರಿನ ಶಾಲೆಯಲ್ಲಿದ್ದಾಗ ನನ್ನ ತರಗತಿಯ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು. ಈಗ ಸೂಕ್ಷ್ಮಜೀವಿಶಾಸ್ತ್ರ ಓದಿ, ಮಂಡಿಪೇಟೆಯಲ್ಲಿ ತಂದೆಯ ಗೊಬ್ಬರದಂಗಡಿಯ ಹಿಂದಿನ ಕೋಣೆಯಲ್ಲಿ ಟ್ರೈಕೋಡರ್ಮಾ ಬೆಳೆಸಿ, ಪುಡಿ ಮಾಡಿ ರೈತರಿಗೆ ಕೊಡುತ್ತಾಳೆ. ಅದೂ ಒಂದು ಶಿಲೀಂಧ್ರವೇ. ಹಳೆಯ ಬ್ರೆಡ್ಡಿನ ಮೇಲೆ ಬರುವಂಥ ಹಸಿರು ಬೂಷ್ಟು. ಆದರೆ ಗಿಡದ ತಂಟೆಗೆ ಹೋಗುವುದಿಲ್ಲ. ಗಿಡ ಕೊಲ್ಲುವ ಶಿಲೀಂಧ್ರಕ್ಕೆ ಸುತ್ತಿಕೊಂಡು ಅದನ್ನೇ ತಿಂದುಹಾಕುತ್ತದೆ. ಅವಳ ಪುಡಿ ತಂದು ನಮ್ಮ ತೋಟಕ್ಕೂ ಹಾಕಿದೆವು. ಏನೂ ಆಗಲಿಲ್ಲ. ಗುಬ್ಬಿ ಕಡೆಯ ಇನ್ನೂ ಕೆಲವರು ಹಾಗೇ ಹೇಳಿದರು. ಮೈದಾ ಹಿಟ್ಟಿಗೆ ಬಣ್ಣ ಹಾಕಿ ಕೊಡುತ್ತಾಳೆ ಎಂಬ ಮಾತು ಹುಟ್ಟಿತು. ಅದು ಅವಳ ಕಿವಿಗೂ ಬಿತ್ತು.

ಕೋಣೆಗೆ ಬೀಗ ಹಾಕುವ ಯೋಚನೆಯಲ್ಲಿದ್ದವಳನ್ನು ಕರೆದದ್ದು ವಿಯೆಟ್ನಾಂನ ಗೆಳತಿ ಲಾನ್. ಇಬ್ಬರೂ ಬೆಂಗಳೂರಿನಲ್ಲಿ ಒಂದೇ ಪ್ರಯೋಗಾಲಯದಲ್ಲಿ ಓದಿದವರು, ಒಂದೇ ಹಾಸ್ಟೆಲಿನ ಸಾರು ಕುಡಿದವರು. ಲಾನ್‌ಳ ಚಿಕ್ಕಮ್ಮ ಅಲ್ಲಿ ಎಲೆತೋಟ ಮಾಡುತ್ತಾರಂತೆ, ಟ್ರೈಕೋಡರ್ಮಾವನ್ನು ಮನೆಯಲ್ಲೇ ಅನ್ನದ ಮೇಲೆ ಬೆಳೆಸುತ್ತಾರಂತೆ, ಬಂದು ನೋಡು ಎಂದಳಂತೆ.

‘ಒಬ್ಳೇ ಹೋಗಕ್ಕೆ ಅಮ್ಮಿ ಬಿಡಲ್ಲ ಮಿಸ್. ನೀವೂ ಬನ್ನಿ. ನಿಮ್ ತೋಟಕ್ಕೂ ಆಗುತ್ತೆ’ ಎಂದಳು ಶಾಹೀನಾ.

ಮಹೇಶ್‌ಗೆ ಹೇಳಿದಾಗ ಅವರು ತಟ್ಟೆಯಿಂದ ತಲೆಯೆತ್ತಲಿಲ್ಲ. ‘ಬೂಷ್ಟು ನೋಡಕ್ಕೆ ವಿಮಾನ ಹತ್ಬೇಕಾ? ಅಡುಗೆಮನೇಲಿ ಮೊನ್ನೆ ತಂದ ಬ್ರೆಡ್ ಐತೆ, ನೋಡು’ ಎಂದರು. ಆಮೇಲೆ ಕೈ ತೊಳೆದು ಬಂದು, ‘ಹೋಗ್ ಬಾ. ಆದ್ರೆ ದೀಪಾವಳಿ ಆದ್ಮೇಲೆ ನಾನು ಜೆಸಿಬಿ ಕರೆಸ್ತೀನಿ ಕಣೇ. ಬಳ್ಳಿ ಎಲ್ಲಾ ಕಿತ್ತಾಕದೇ. ದಿನಾ ಒಂದೊಂದು ಸಾಯೋದು ನೋಡಕ್ಕೆ ನನ್ ಕೈಲಾಗಲ್ಲ’ ಎಂದರು.

ಮದುವೆಯಾದ ಹೊಸದರಲ್ಲಿ ಅವರೇ ನಾಟಿ ಮಾಡಿದ ತೋಟ ಅದು. 

ಸೈಗಾನ್

ನಾನು ಲಿಂಗಾಯತರ ಮನೆಯವಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಶಾಹೀನಾಳಿಗೆ ಹಲಾಲ್ ಆಗದ ಮಾಂಸ ಆಗದು. ಹೀಗಾಗಿ ಇಬ್ಬರೂ ಒಂದೊಂದು ಚೀಲ ಅವಲಕ್ಕಿ, ಚಟ್ನಿಪುಡಿ ಹೊತ್ತೇ ಇಳಿದೆವು. ಬೆಳಗ್ಗೆ ಎದ್ದಾಗ ನನಗೆ ಬೇಕಾಗಿದ್ದು ಚಹಾ ಮಾತ್ರ. ಹೋಟೆಲಿನಿಂದ ಹೊರಬಂದು, ಫುಟ್‌ಪಾತಿನ ಮೇಲೆ ಮಕ್ಕಳು ಕೂರುವಷ್ಟು ಪುಟ್ಟ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡಿದ್ದ ಅಂಗಡಿಯಾಕೆಗೆ ಕೈಸನ್ನೆ ಮಾಡಿ, ‘ಚಾಯ್’ ಎಂದೆ.

ಆಕೆಯ ಮುಖ ಅರಳಿತು. ‘ಚಾಯ್?’ ಎಂದಳು. ‘ಚಾಯ್, ಎರಡು’ ಎಂದು ಬೆರಳು ತೋರಿಸಿದೆ. ಸ್ವಲ್ಪ ಹೊತ್ತಿಗೆ ಎರಡು ದೊಡ್ಡ ಬಟ್ಟಲು ಬಂದವು. ಬಿಸಿ ಸಾರಿನಲ್ಲಿ ಶಾವಿಗೆ, ಅಣಬೆ, ಸೋಯಾ ಪನೀರು, ಮೇಲೊಂದಿಷ್ಟು ಸೊಪ್ಪು. ನಾನು ತಲೆಯಾಡಿಸಿ ಮತ್ತೆ ಲೋಟ ಎತ್ತಿ ಕುಡಿಯುವ ಅಭಿನಯ ಮಾಡಿದೆ. ‘ಚಾಯ್!’ ಎಂದು ಆಕೆ ಬಟ್ಟಲನ್ನೇ ನನ್ನ ಕಡೆ ಸರಿಸಿದಳು.

ಶಾಹೀನಾ ಫೋನಿನಲ್ಲಿ ಹುಡುಕಿ ನಗಲು ಶುರುಮಾಡಿದಳು. ‘ಮಿಸ್, ಇವ್ರ ಭಾಷೇಲಿ ಚಾಯ್ ಅಂದ್ರೆ ಮಾಂಸ ಇಲ್ದಿರೋ ಊಟ ಅಂತೆ!’

ಇಡೀ ದೇಶದಲ್ಲಿ ನಮ್ಮಿಬ್ಬರಿಗೂ ಬೇಕಾಗಿದ್ದ ಒಂದೇ ಒಂದು ಪದ ತಾನಾಗಿ ಬಾಯಿಗೆ ಬಂದಿತ್ತು. ಅವಲಕ್ಕಿ ಚೀಲ ಕೊನೆಯವರೆಗೂ ಬಿಚ್ಚಲಿಲ್ಲ. ಚಹಾ ಸಿಕ್ಕಿದ್ದು ಎಲ್ಲ ತಿಂದು ಮುಗಿದ ಮೇಲೆ. ಹಾಲಿಲ್ಲ, ಸಕ್ಕರೆಯಿಲ್ಲ, ಬದಲಿಗೆ ಐಸು.

ಬಸ್ಸಿನಲ್ಲಿ

ಅಲ್ಲಿಂದ ಕಾನ್ ತೊ ಎಂಬ ಊರಿಗೆ ಮಲಗುವ ಬಸ್ಸು. ಹತ್ತುವಾಗಲೇ ಚಪ್ಪಲಿ ಬಿಚ್ಚಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಗೆ ಕೊಟ್ಟರು. ದೇವಸ್ಥಾನಕ್ಕೆ ಹೋಗುವ ಭಾವ ಬಂತು. ನಡುದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಬಸ್ಸಿನ ಬಾಗಿಲಲ್ಲಿ ಒಂದು ಬುಟ್ಟಿ ರಬ್ಬರ್ ಚಪ್ಪಲಿ ಇಟ್ಟಿದ್ದರು. ಯಾವುದು ಕಾಲಿಗೆ ಬಂತೋ ಅದನ್ನು ಮೆಟ್ಟಿಕೊಂಡು ಹೋಗಿ ಬರುವುದು. ನನಗೆ ಸಿಕ್ಕಿದ್ದು ಎರಡೂ ಎಡಗಾಲಿನವು.

ಆ ಚಪ್ಪಲಿಯಲ್ಲಿ ಕುಂಟುತ್ತಾ ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಅಂಗಳದ ತುಂಬ ಒಂದೇ ತರದ ಬಸ್ಸುಗಳು ಬಂದು ನಿಂತಿದ್ದವು. ಧೈರ್ಯವಾಗಿ ಒಂದನ್ನು ಹತ್ತಿದೆ. ನನ್ನ ಜಾಗದಲ್ಲಿ ಒಬ್ಬ ಅಜ್ಜ ಮಲಗಿದ್ದರು. ಎಬ್ಬಿಸಿದೆ. ಆತ ಎದ್ದು ಕೂತು ಕಣ್ಣುಜ್ಜಿಕೊಂಡು ಜಾಗ ಬಿಟ್ಟುಕೊಡಲು ಹೊರಟರು! ಅಷ್ಟರಲ್ಲಿ ಕಂಡಕ್ಟರ್ ಬಂದ. ನನ್ನ ಮುಖ ನೋಡಲಿಲ್ಲ, ಟಿಕೆಟ್ ಕೇಳಲಿಲ್ಲ. ಕಾಲು ನೋಡಿದ. ಅವನ ಬಸ್ಸಿನ ಚಪ್ಪಲಿ ನೀಲಿ, ನನ್ನದು ಗುಲಾಬಿ. ಕೈ ಹಿಡಿದು ಇಳಿಸಿ ಗುಲಾಬಿ ಚಪ್ಪಲಿ ಬಸ್ಸಿನವರೆಗೂ ತಂದು ಬಿಟ್ಟ. ಶಾಹೀನಾ ಬಾಗಿಲಲ್ಲಿ ನಿಂತು ಡ್ರೈವರನ್ನು ಇಂಗ್ಲಿಷ್, ಕನ್ನಡ, ಉರ್ದು ಮೂರರಲ್ಲೂ ತಡೆಯುತ್ತಿದ್ದಳು.

ಕಾನ್ ತೊ ಬಸ್ ಸ್ಟ್ಯಾಂಡಿನಲ್ಲಿ ಲಾನ್ ಕಾಯುತ್ತಿದ್ದಳು. ಸಣ್ಣ ಮೈಯ, ದೊಡ್ಡ ನಗುವಿನ ಹುಡುಗಿ. ಶಾಹೀನಾಳನ್ನು ತಬ್ಬಿಕೊಂಡು, ನನಗೆ ಕೈಮುಗಿದು ಕನ್ನಡದಲ್ಲೇ ಕೇಳಿದಳು: ‘ಊಟ ಆಯ್ತಾ, ಮಿಸ್?’ ಮನೆಯಿಂದ ಅಷ್ಟು ದೂರದಲ್ಲಿ ಆ ಎರಡು ಪದ ಕೇಳಿ ನಾನೂ ಅವಳನ್ನು ತಬ್ಬಿಕೊಂಡೆ.

ಕಾಲುವೆ ದಂಡೆಯ ಮನೆ

ಚಿಕ್ಕಮ್ಮನ ಮನೆಗೆ ಹೋಗಬೇಕಾದದ್ದು ದೋಣಿಯಲ್ಲಿ. ಅಲ್ಲಿ ರಸ್ತೆಗಿಂತ ಕಾಲುವೆಗಳೇ ಹೆಚ್ಚು. ಎರಡೂ ದಂಡೆಗೆ ತೆಂಗು, ಬಾಳೆ, ನಡುವೆ ತಗಡಿನ ಮನೆ. ನೀರಿನ ತುಂಬ ಅಂತರಗಂಗೆ ತೇಲುತ್ತಿತ್ತು. ನಮ್ಮ ಕೆರೆಗಳಲ್ಲಿ ಅದನ್ನು ಕಂಡರೆ ಶಾಪ ಹಾಕುತ್ತೇವೆ. ಅಲ್ಲಿಯವರು ದೋಣಿ ತುಂಬ ಎಳೆದು ತಂದು ಕಾಂಪೋಸ್ಟ್ ಮಾಡುತ್ತಾರೆ.

ದಂಡೆಯಲ್ಲಿ ನಿಂತಿದ್ದ ಚಿಕ್ಕಮ್ಮ ಮೊದಲು ಕೇಳಿದ್ದು ನನ್ನ ವಯಸ್ಸು. ನನಗೆ ಕಸಿವಿಸಿಯಾಯಿತು. ಲಾನ್ ಬಿಡಿಸಿ ಹೇಳಿದಳು: ವಯಸ್ಸು ಗೊತ್ತಾಗದೆ ಅಲ್ಲಿ ಮಾತೇ ಶುರುವಾಗುವುದಿಲ್ಲ, ಅಕ್ಕನೋ ತಂಗಿಯೋ ಅತ್ತೆಯೋ ನಿರ್ಧಾರವಾಗಬೇಕು. ಅಕ್ಕನಿಗೆ ಅವರು ‘ಚಿ’ ಎನ್ನುತ್ತಾರೆ. ಆಕೆ ನನಗಿಂತ ದೊಡ್ಡವರು. ಹೀಗಾಗಿ ಅಷ್ಟು ಪ್ರೀತಿಯಿಂದ ಸ್ವಾಗತಿಸಿದ ಹೆಂಗಸನ್ನು ನಾನು ಮೊದಲ ಮಾತಿಗೇ ‘ಛೀ’ ಎನ್ನಬೇಕಾಯಿತು. ನಾಲಿಗೆ ಏಳಲಿಲ್ಲ.

ಇನ್ನು ಹೆಸರು. ಆ ಕಡೆ ಮನೆಯಲ್ಲಿ ಮಕ್ಕಳನ್ನು ಹುಟ್ಟಿದ ಸಂಖ್ಯೆಯಿಂದ ಕರೆಯುತ್ತಾರೆ. ಆಕೆ ‘ಬಾಯ್’, ಅಂದರೆ ಏಳು. ಆದರೆ ಏಳನೆಯ ಮಗಳಲ್ಲ, ಆರನೆಯವರು. ಮೊದಲ ಮಗುವನ್ನು ‘ಎರಡು’ ಎಂದೇ ಕರೆಯುವುದರಿಂದ ಎಲ್ಲರೂ ಒಂದು ಮುಂದೆ ಹೋಗುತ್ತಾರೆ. ಯಾಕೆ ಎಂದರೆ ಲಾನ್‌ಗೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಮನೆಗೆ ಹಿರಿಮಗಳು ಎಂದಾಗ ನನ್ನನ್ನು ‘ಹಾಯ್’ ಎಂದು ಕರೆಯತೊಡಗಿದರು. ಹಾಯ್ ಎಂದರೆ ಎರಡು. ಅವರು ಕರೆದಾಗಲೆಲ್ಲ ನಾನು ಕೈಬೀಸಿ ‘ಹಾಯ್’ ಎನ್ನುತ್ತಿದ್ದೆ. ಅದು ನನ್ನ ಹೆಸರು ಎಂದು ತಿಳಿಯುವಷ್ಟರಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ನೋಡಲು ಬಂದಿದ್ದರು.

ಬಾಯ್ ಅಕ್ಕನ ಉಡುಪು ಹೂವಿನ ಪೈಜಾಮ, ಅದೇ ಹೂವಿನ ಅಂಗಿ. ಆ ಕಡೆ ಹೆಂಗಸರು ಅದರಲ್ಲೇ ಮಾರ್ಕೆಟ್ಟಿಗೆ ಹೋಗುತ್ತಾರೆ, ಅದರಲ್ಲೇ ದೋಣಿ ನಡೆಸುತ್ತಾರೆ. ನೈಟಿ ಮೇಲೊಂದು ಟವೆಲ್ ಹೊದ್ದು ಹಾಲಿನ ಅಂಗಡಿಗೆ ಹೋಗುವ ನಮ್ಮ ಸದಾಶಿವನಗರದ ಹೆಂಗಸರಿಗೆ ಇವರ ಪರಿಚಯ ಮಾಡಿಸಬೇಕು ಅನ್ನಿಸಿತು.

ಮನೆಯ ಹಿಂದೆ, ತೋಟಕ್ಕೆ ಹೋಗುವ ದಾರಿಯಲ್ಲೇ ಆಕೆಯ ತಂದೆತಾಯಿಯ ಸಮಾಧಿಗಳಿದ್ದವು. ಹೊಲದಲ್ಲೇ ಮಣ್ಣು ಮಾಡುವುದು ಅವರ ಪದ್ಧತಿಯಂತೆ. ನಮ್ಮಲ್ಲೂ ಹಾಗೇ, ನಮ್ಮ ಮಾವನವರು ಸಿ.ಎಸ್. ಪುರದ ತೋಟದ ಮೂಲೆಯಲ್ಲೇ ಇದ್ದಾರೆ. ಅದನ್ನು ಹೇಳಿದೆ. ಬಾಯ್ ಅಕ್ಕ ನನ್ನ ಕೈಗೂ ಎರಡು ಊದುಬತ್ತಿ ಕೊಟ್ಟರು.

ಆಮೇಲೆ ತೋಟ ನೋಡಿದೆ. 

ನಾವು ಮಾದರಿ ತೋಟ ನೋಡಲು ಬಂದಿದ್ದೆವು. ಎದುರಿಗಿದ್ದದ್ದು ಅರ್ಧ ಸತ್ತ ತೋಟ. ಅಲ್ಲಿ ಜಮೀನು ತಗ್ಗು. ಕಾಲುವೆ ತೋಡಿ, ಆ ಮಣ್ಣನ್ನು ಎತ್ತರದ ಏರುಮಡಿ ಮಾಡಿ, ಅದರ ಮೇಲೆ ಬಿದಿರು ನೆಟ್ಟು ಬಳ್ಳಿ ಹಬ್ಬಿಸುತ್ತಾರೆ. ಮುಂದಿನ ಮಡಿಗಳಲ್ಲಿ ಬಳ್ಳಿಗಳೆಲ್ಲ ಜೋತುಬಿದ್ದಿದ್ದವು. ಹಿಂದಿನವು ಮಾತ್ರ ಹಸಿರಾಗಿದ್ದವು. ಒಂದು ಬಳ್ಳಿ ಎಳೆದೆ. ಬುಡ ಕೈಗೆ ಬಂತು. ಅದೇ ಬಿಳಿ ದಾರ, ಅದೇ ಸಾಸಿವೆ ಕಾಳು.

‘ಇಷ್ಟು ದೂರ ಬಂದಿದ್ದು ಇದನ್ನ ನೋಡಕ್ಕಾ ಮಿಸ್?’ ಎಂದಳು ಶಾಹೀನಾ. ಅವಳ ದನಿ ಸಣ್ಣದಾಗಿತ್ತು.

ಬಾಯ್ ಅಕ್ಕ ನಿಧಾನಕ್ಕೆ ನಡೆದದ್ದನ್ನು ಹೇಳಿದರು, ಲಾನ್ ಅನುವಾದಿಸಿದಳು. ಅಮಾವಾಸ್ಯೆಯ ದಿನ ಸಮುದ್ರದ ಉಬ್ಬರ ಏರಿ, ನದಿಯ ನೀರು ಹಿಂದಕ್ಕೆ ನುಗ್ಗಿ, ಕಾಲುವೆ ತುಂಬಿ ತೋಟಕ್ಕೆ ಬಂತು. ಮುಂದಿನ ಮಡಿಗಳಲ್ಲಿ ನೀರು ನಿಂತುಬಿಟ್ಟಿತು. ಮಣ್ಣಿನಲ್ಲಿ ಗಾಳಿ ಇಲ್ಲವಾಯಿತು. ‘ನಾನು ಸಾಕಿದ ಹಸಿರು ಬೂಷ್ಟು ಉಸಿರು ಕಟ್ಟಿ ಸತ್ತಿತು. ಬಳ್ಳಿಯ ಬೇರೂ ಬಳಲಿತು. ನೀರು ಇಳಿಯುತ್ತಿದ್ದ ಹಾಗೆ ರೋಗ ಏರಿಕೊಂಡಿತು. ಹಿಂದಿನ ಮಡಿಗೆ ನೀರು ಹೋಗಲಿಲ್ಲ, ಅಲ್ಲಿ ಬೂಷ್ಟು ಬದುಕಿದೆ, ಬಳ್ಳಿಯೂ ಬದುಕಿದೆ. ಈಗ ಹುಣ್ಣಿಮೆ ಬರುತ್ತಿದೆ.’

ಹುಣ್ಣಿಮೆಯ ಉಬ್ಬರ ಇನ್ನೂ ದೊಡ್ಡದಂತೆ. ಚಳಿಗಾಲದ ಮದುವೆಗಳಿಗೆಲ್ಲ ಆಕೆಯ ತೋಟದ ಎಲೆಯೇ ಹೋಗಬೇಕು. ಅಲ್ಲೂ ಮದುವೆ ನಿಶ್ಚಯವಾಗುವುದು ಎಲೆ ಅಡಿಕೆಯ ತಟ್ಟೆ ಇಟ್ಟೇ.

ಅಡುಗೆಮನೆಯ ಪಕ್ಕದ ಮಾಡಿನಲ್ಲಿ ಆಕೆಯ ಬೂಷ್ಟಿನ ಮನೆ ಇತ್ತು. ಅರೆಬೆಂದ ಅನ್ನವನ್ನು ಆರಿಸಿ, ಪಾರದರ್ಶಕ ಚೀಲಕ್ಕೆ ತುಂಬಿ, ಹಳೆಯ ಬೂಷ್ಟಿನ ಒಂದು ಚಿಟಿಕೆ ಬೆರೆಸಿ ನೆರಳಲ್ಲಿ ತೂಗುಹಾಕಿದ್ದರು. ಕೆಲವು ಚೀಲ ಬಿಳಿ, ಕೆಲವು ಎಳೆಹಸಿರು, ಕೆಲವು ಗಾಢ ಹಸಿರು. ತಯಾರಾದದ್ದನ್ನು ಅಂತರಗಂಗೆಯ ಕಾಂಪೋಸ್ಟಿಗೆ ಬೆರೆಸಿ, ಅದು ಅಲ್ಲೇ ಹಬ್ಬಿಕೊಂಡ ಮೇಲೆ ಬಳ್ಳಿಯ ಬುಡಕ್ಕೆ ಹಾಕುತ್ತಾರೆ. ಶಾಹೀನಾ ಚೀಲಗಳ ಬಾಯಿಗೆ ಮೂಗು ಹಿಡಿದು, ಕೆಟ್ಟಿದ್ದ ಎರಡನ್ನು ಎತ್ತಿ ಬದಿಗಿಟ್ಟಳು. ಬಾಯ್ ಅಕ್ಕ ಅವೆರಡನ್ನೂ ಮೂಸಿ ನೋಡಿ ತಲೆಯಾಡಿಸಿದರು. ಭಾಷೆಯಿಲ್ಲದೆ ಅವರಿಬ್ಬರ ಗೆಳೆತನ ಅಲ್ಲಿಂದ ಶುರುವಾಯಿತು.

ಆ ಸಂಜೆ ಮಹೇಶ್‌ಗೆ ಫೋನು ಮಾಡಿದೆ. ‘ಇನ್ನೊಂದು ಸಾಲು ಹೋಯ್ತು’ ಎಂದರು. ಶಾಹೀನಾ ಪಕ್ಕದಿಂದ ಕೇಳಿ ಕೇಳಿ ಎಂದು ಸನ್ನೆ ಮಾಡುತ್ತಿದ್ದಳು. ಕೇಳಿದೆ: ‘ರೀ, ಅವಳ ಪುಡಿ ಹಾಕಿದ ಮೇಲೆ ಬೇರೇನಾದ್ರೂ ಹಾಕಿದ್ರಾ?’

‘ಮಾರನೇ ದಿನ ಬೋರ್ಡೋ ಹುಯ್ದೆ. ರೋಗ ಜಾಸ್ತಿ ಆಗ್ತಿತ್ತಲ್ಲ, ಎರಡೂ ಸೇರಿದ್ರೆ ಒಳ್ಳೇದು ಅಂತ.’

ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣದ ದ್ರಾವಣ. ಶಿಲೀಂಧ್ರ ಯಾವುದಾದರೂ ಕೊಲ್ಲುತ್ತದೆ. ನಮ್ಮದು ಅವರದು ಎಂದು ನೋಡುವುದಿಲ್ಲ. ಶಾಹೀನಾ ಹಣೆ ಚಚ್ಚಿಕೊಂಡಳು. ಆಮೇಲೆ, ಬಹಳ ದಿನಗಳಲ್ಲಿ ಮೊದಲ ಸಲ, ಅವಳ ಮುಖದಲ್ಲಿ ಬೆಳಕು ಕಂಡಿತು. ‘ಹಂಗಾದ್ರೆ ನನ್ ಪುಡಿ ಮೈದಾ ಅಲ್ಲ ಮಿಸ್!’ ಎಂದಳು.

ಹುಣ್ಣಿಮೆ

ಹುಣ್ಣಿಮೆಯ ಹಿಂದಿನ ದಿನದಿಂದಲೇ ಕಾಲುವೆಯ ಕಡೆಯ ಬದು ಎತ್ತರಿಸಲು ಶುರುಮಾಡಿದೆವು. ಬಾಯ್ ಅಕ್ಕನ ಅಣ್ಣಂದಿರು, ಅತ್ತಿಗೆಯರು, ಅಂದರೆ ಮೂರು, ನಾಲ್ಕು, ಐದು, ಎಲ್ಲರೂ ಬಂದರು. ನನಗೂ ಒಂದು ಜೊತೆ ಹೂವಿನ ಪೈಜಾಮ ಸಿಕ್ಕಿತು. ಕನ್ನಡಿಯಲ್ಲಿ ನೋಡಿಕೊಂಡು ನನಗೇ ಗುರುತು ಸಿಗಲಿಲ್ಲ. ಕಾಲುವೆಯ ಹಸಿ ಜೇಡಿಯನ್ನು ತುಂಡು ತುಂಡಾಗಿ ಕತ್ತರಿಸಿ, ಕೈಯಿಂದ ಕೈಗೆ ದಾಟಿಸಿ, ಬದುವಿನ ಮೇಲೆ ಹೊಡೆದು ಕೂರಿಸುವುದು. ಕೆಲಸದ ನಡುವೆ ಹಾಡು, ಪಕ್ಕದ ಮನೆಯವರ ಮೈಕಿನಲ್ಲಿ ಇನ್ನೊಂದು ಹಾಡು.

ಹುಣ್ಣಿಮೆಯ ಬೆಳಗ್ಗೆ ನೀರು ಏರತೊಡಗಿತು. ಮಳೆಯಿಲ್ಲ, ಗಾಳಿಯಿಲ್ಲ, ಸದ್ದೇ ಇಲ್ಲ. ಕಾಲುವೆ ಸುಮ್ಮನೆ ಉಬ್ಬುತ್ತಾ ಬಂತು. ಕುಣಿಗಲ್ ಕೆರೆ ಏರಿಯ ಮೇಲೆ ನಿಂತು ತುಂಬಿದ ನೀರು ನೋಡಿ ಎಷ್ಟೋ ಸಲ ಖುಷಿಪಟ್ಟವಳು ನಾನು. ನೀರು ಕಂಡು ಹೆದರಿದ್ದು ಅವತ್ತೇ. ಬದುವಿನ ಹೊರಗೆ ಸೊಂಟದೆತ್ತರ ಆಯಿತು. ಬದು ತಡೆಯಿತು. 

ಆಗ ಬದುವಿನ ಒಳಗಿನ ತೋಡಿನಲ್ಲಿ ಗುಳ್ಳೆ ಏಳುತ್ತಿರುವುದು ನನಗೆ ಕಂಡಿತು. ಕೆಸರುನೀರು ಒಂದೇ ಜಾಗದಲ್ಲಿ ಕುದಿಯುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಊರ್ಡಿಗೆರೆಯ ಹತ್ತಿರ, ಗದ್ದೆ ಬಯಲಿನ ಪಕ್ಕ. ಅದೇನೆಂದು ನೋಡಿದ ತಕ್ಷಣ ಗೊತ್ತಾಯಿತು.

‘ಏಡಿ ಬಿಲ! ಇಲ್ಲಿ, ಏಡಿ ಬಿಲ!’ ಎಂದು ಕೂಗಿದೆ. ಏಡಿ ಕೊರೆದ ಬಿಲದಿಂದ ಕಾಲುವೆಯ ನೀರು ಬದುವಿನೊಳಗೆ ನುಗ್ಗುತ್ತಿತ್ತು. ಯಾರಿಗೂ ಅರ್ಥವಾಗಲಿಲ್ಲ. ಐದು ಎಂಬ ಅಣ್ಣ ಒಳಗಿನಿಂದಲೇ ಮಣ್ಣು ಒತ್ತಲು ಹೋದರು. ಒಳಗಿನಿಂದ ಎಷ್ಟು ಒತ್ತಿದರೂ ನೀರು ತಳ್ಳಿಬಿಡುತ್ತದೆ. ಮುಚ್ಚಬೇಕಾದದ್ದು ನೀರಿರುವ ಕಡೆಯಿಂದ. ಹೇಳಲು ಮಾತಿರಲಿಲ್ಲ. ಬದುವಿನ ಹೊರಗೆ ಇಳಿದುಬಿಟ್ಟೆ. ಕಾಲು ಕೆಸರಿನಲ್ಲಿ ಹೂತು ನೀರು ಎದೆಮಟ್ಟ ಬಂತು. ಶಾಹೀನಾ ‘ಮಿಸ್! ಮಿಸ್!’ ಎಂದು ಕಿರುಚುತ್ತಿದ್ದಳು. ಬಿದಿರಿನ ಗೂಟ ಹಿಡಿದುಕೊಂಡು ಬದುವಿನ ಮೈ ಸವರುತ್ತಾ ಕಾಲಿನಿಂದ ಹುಡುಕಿದೆ. ಒಂದು ಕಡೆ ನೀರು ನನ್ನ ಪಾದವನ್ನೇ ಒಳಗೆಳೆಯಿತು. ಸಿಕ್ಕಿತು.

‘ಶಾಹೀನಾ, ಬಾಳೆದಿಂಡು ಕೊಡು! ಜೇಡಿ ಕೊಡು!’

ಅವಳು ಕಾಂಪೋಸ್ಟ್ ಗುಂಡಿಯ ಪಕ್ಕ ಬಿದ್ದಿದ್ದ ಬಾಳೆದಿಂಡಿನ ತುಂಡು ಎಳೆದುಕೊ‍ಂಡು ಬಂದಳು. ಅಷ್ಟರಲ್ಲಿ ಬಾಯ್ ಅಕ್ಕನಿಗೆ ವಿಷಯ ಹೊಳೆದಿತ್ತು. ಆಕೆಯೂ ಪಕ್ಕದಲ್ಲಿ ಧುಮುಕಿದರು. ಇಬ್ಬರೂ ಸೇರಿ ದಿಂಡನ್ನು ಬಿಲದ ಬಾಯಿಗೆ ತುರುಕಿ, ಕಾಲಿನಿಂದ ಒದ್ದು ಒದ್ದು ಕೂರಿಸಿ, ಮೇಲೆ ಜೇಡಿ ಮೆತ್ತಿದೆವು. ಒಳಗಿನ ಗುಳ್ಳೆ ಸಣ್ಣದಾಯಿತು. ನಿಂತಿತು.

ಬಿಸಿಲು ಏರುವ ಹೊತ್ತಿಗೆ ನೀರು ಇಳಿಯತೊಡಗಿತು. ಇಬ್ಬರನ್ನೂ ಮೇಲಕ್ಕೆ ಎಳೆದು ಹಾಕಿದರು. ಬಾಯ್ ಅಕ್ಕ ನನ್ನ ಮುಖದ ಕೆಸರು ಒರೆಸಲು ಬಂದು, ತಮ್ಮ ಕೈಯಲ್ಲಿದ್ದ ಕೆಸರನ್ನೂ ಹಚ್ಚಿ, ನಗುತ್ತಾ ಅಲ್ಲೇ ಕೂತುಬಿಟ್ಟರು. ಅವತ್ತು ಇಡೀ ಮನೆಗೆ ‘ಚಾಯ್’ ಊಟ. ಹುಣ್ಣಿಮೆ, ಅಮಾವಾಸ್ಯೆಗೆ ಅಲ್ಲಿ ಬಹಳ ಮಂದಿ ಮಾಂಸ ಮುಟ್ಟುವುದಿಲ್ಲ. ಬೇರೆಯವರ ಮನೆಯಲ್ಲಿ ಎಲ್ಲರ ತಟ್ಟೆಯಲ್ಲಿರುವುದೇ ನನ್ನ ತಟ್ಟೆಯಲ್ಲೂ ಇತ್ತು.

ಊಟವಾದ ಮೇಲೆ ಶಾಹೀನಾ ಭೂತಗನ್ನಡಿ ಹಿಡಿದು ಹಿಂದಿನ ಮಡಿಯ ಮಣ್ಣು ಕೆದಕಲು ಕೂತಳು. ಸ್ವಲ್ಪ ಹೊತ್ತಿಗೆ ಕೂಗಿದಳು: ‘ಮಿಸ್, ಬೇಗ ಬನ್ನಿ!’

ಅವಳ ಅಂಗೈಯಲ್ಲಿ ಕೆಲವು ಸಾಸಿವೆ ಕಾಳುಗಳಿದ್ದವು. ರೋಗದ ಬೀಜಗಳು. ಹಿಂದಿನ ಮಡಿಯಲ್ಲೂ ರೋಗ ಇತ್ತು! ಆದರೆ ಕಾಳುಗಳ ಮೈಮೇಲೆಲ್ಲ ಹಸಿರು ಧೂಳು ಕೂತಿತ್ತು. ಅವಳು ಉಗುರಿನಿಂದ ಒಂದನ್ನು ಒತ್ತಿದಳು. ಗಟ್ಟಿ ಇರಬೇಕಾದದ್ದು ಪುಸಕ್ಕೆಂದು ಒಡೆಯಿತು. ಒಳಗೆ ಏನೂ ಉಳಿದಿರಲಿಲ್ಲ.

ಶಿಲೀಂಧ್ರವನ್ನು ಶಿಲೀಂಧ್ರವೇ ತಿನ್ನುವುದನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಪಾಠ ಮಾಡಿದ್ದೆ. ಕಣ್ಣಾರೆ ಕಂಡದ್ದು ಆಗಲೇ.

ಬೀಳ್ಕೊಡುಗೆ

ಹೊರಡುವ ದಿನ ಬಾಯ್ ಅಕ್ಕ ಗಾಢ ಹಸಿರಿನ ಒಂದು ಚೀಲವನ್ನು ಬಾಳೆಲೆಯಲ್ಲಿ ಸುತ್ತಿ ಶಾಹೀನಾಳ ಕೈಗಿತ್ತರು. ಇರುವುದರಲ್ಲಿ ಚೆನ್ನಾಗಿದ್ದ ಚೀಲ. ಶಾಹೀನಾ ಅದನ್ನು ಎರಡು ಕೈಯಲ್ಲಿ ಹಿಡಿದು ಮೂಸಿ ನೋಡಿದಳು. ಆಮೇಲೆ ವಾಪಸ್ಸು ಕೊಟ್ಟಳು.

‘ಚಿಕ್ಕಮ್ಮಂಗೆ ಹೇಳು ಲಾನ್. ಇದು ಇಲ್ಲಿನ ಮಣ್ಣಿಂದು. ನಮ್ಮಲ್ಲಿ ಹೋಗಿ ಹೆಂಗಿರುತ್ತೋ ಗೊತ್ತಿಲ್ಲ. ಇದರ ಜೊತೆ ಕಣ್ಣಿಗೆ ಕಾಣದ್ದು ಇನ್ನೇನ್ ಬರುತ್ತೋ ಅದೂ ಗೊತ್ತಿಲ್ಲ. ಹಂಗೆಲ್ಲ ಗಡಿ ದಾಟಿಸೋದು ತಪ್ಪು.’

ಲಾನ್ ಹೇಳಿದಳು. ಬಾಯ್ ಅಕ್ಕನ ಮುಖ ಬಾಡಿತು. ಚೀಲ ತೆಗೆದುಕೊಂಡು ಒಳಗೆ ಹೋದರು. ತವರಿನಲ್ಲಿ ಕೊಟ್ಟ ಮಡಿಲಕ್ಕಿ ಬೇಡವೆಂದ ಹಾಗಾಯಿತಲ್ಲ ಅನ್ನಿಸಿತು ನನಗೆ. ದೋಣಿಯವನು ಕರೆಯುತ್ತಿದ್ದ. ಹೋಗುವುದೋ ನಿಲ್ಲುವುದೋ ತಿಳಿಯಲಿಲ್ಲ.

ಆಕೆ ಹೊರಗೆ ಬಂದಾಗ ಕೈಯಲ್ಲಿ ನಾನು ಹಾಕಿಕೊಂಡಿದ್ದ ಹೂವಿನ ಪೈಜಾಮ ಒಗೆದು ಮಡಚಿ ಇತ್ತು. ‘ಇದಾದರೂ ಗಡಿ ದಾಟುತ್ತದೆಯೋ ಇಲ್ಲವೋ?’ ಎಂದು ಕೇಳಿದರು. ನಕ್ಕೆವು. ಆಮೇಲೆ ಗಂಭೀರವಾಗಿ ಇನ್ನೊಂದು ಕೇಳಿದರು: ‘ನಿಮ್ಮ ತೋಟದಲ್ಲಿ, ಸುತ್ತಲಿನದೆಲ್ಲ ಸತ್ತ ಕಡೆ, ಒಂದಾದರೂ ಬಳ್ಳಿ ಗಟ್ಟಿಯಾಗಿ ನಿಂತಿದೆಯಾ?’

‘ನಾನೂ ಅದನ್ನೇ ಯೋಚಿಸ್ತಿದ್ದೆ’ ಎಂದಳು ಶಾಹೀನಾ. ಅಂಥ ಬಳ್ಳಿಯ ಬೇರಿನ ಮಣ್ಣಿನಲ್ಲಿ ಅದನ್ನು ಕಾಪಾಡುತ್ತಿರುವ ಯಾವುದೋ ಒಂದು ಬೂಷ್ಟು ಇರುವ ಸಾಧ್ಯತೆ ಹೆಚ್ಚು. ನಾನು ದೋಣಿಯಲ್ಲಿ ಕೂತೇ ಮಹೇಶ್‌ಗೆ ಫೋನು ಮಾಡಿದೆ.

‘ನಡುಸಾಲಲ್ಲಿ ಒಂದು ನಿಂತೈತೆ. ಸುತ್ತ ಎಲ್ಲಾ ಹೋಗವೆ. ಅದೂ ಇವತ್ತೋ ನಾಳೆಯೋ’ ಎಂದರು.

‘ಅದನ್ನ ಮುಟ್ಟಬೇಡಿ’ ಎಂದೆ. ‘ಏನೂ ಸುರೀಬೇಡಿ. ನಾನು ಬರೋವರೆಗೂ.’

ಸಿ.ಎಸ್. ಪುರ

ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ಸಣ್ಣ ಯುದ್ಧ ನಡೆಯಿತು. ಮಹೇಶ್ ಜೆಸಿಬಿಯವನಿಗೆ ಮಾತು ಕೊಟ್ಟಿದ್ದರು. ‘ನೀನು ಅಲ್ಲಿ ನೀರಿಗೆ ಧುಮುಕಿದ್ದು ಅವ್ರ ತೋಟಕ್ಕೆ ಕಣೇ, ಅದ್ರಿಂದ ನಮ್ದು ಬದುಕ್ತದಾ?’ ಎಂದರು.

‘ಗೊತ್ತಿಲ್ಲ ರೀ. ಅವ್ರಿಗೂ ಅರ್ಧ ಹೋಯ್ತು. ಉಳಿದರ್ಧಕ್ಕೆ ಎಲ್ಲಾ ಸೇರಿ ಬದು ಹಾಕಿದ್ವಿ. ನಾವು ಅಷ್ಟಾದ್ರೂ ಮಾಡಬೇಡ್ವಾ?’

ಅವರು ತೋಟದ ಕಡೆ ತಿರುಗಿದರು. ‘ಸಂಕ್ರಾಂತಿ ತನಕ ಕಾಯ್ತೀನಿ. ಆಮೇಲೆ ನನ್ನ ಏನೂ ಕೇಳ್ಬೇಡ’ ಎಂದು ಎದ್ದುಹೋದರು.

ನಡುಸಾಲಿನ ಬಳ್ಳಿ ಇನ್ನೂ ನಿಂತಿತ್ತು. ಅದರ ಬೇರಿನ ಮಣ್ಣನ್ನು ಶಾಹೀನಾ ಮಂಡಿಪೇಟೆಯ ಕೋಣೆಗೆ ಒಯ್ದಳು. ಮೊದಲ ಗಾಜಿನ ತಟ್ಟೆಗಳಲ್ಲಿ ಬೇರೆ ಏನೇನೋ ಬೆಳೆಯಿತು. ಆಮೇಲೆ ಒಂದರಲ್ಲಿ ಹಸಿರು ಬಂತು. ಅದನ್ನು ಗಾಜಿನ ತಟ್ಟೆಯ ಒಂದು ಅಂಚಿಗೂ, ನಮ್ಮ ತೋಟದ ರೋಗದ ಶಿಲೀಂಧ್ರವನ್ನು ಇನ್ನೊಂದು ಅಂಚಿಗೂ ಇಟ್ಟು ಬೆಳೆಯಲು ಬಿಟ್ಟಳು. ನಾನು ಕುಣಿಗಲ್ಲಿನಿಂದ ಬಂದ ಬಸ್ಸಿಳಿದು ಸೀದಾ ಅಲ್ಲಿಗೇ ಹೋಗುತ್ತಿದ್ದೆ. ಬಿಳಿ ಮುಂದಕ್ಕೆ ಬಂತು, ಹಸಿರು ಮುಂದಕ್ಕೆ ಬಂತು, ನಡುವೆ ಎರಡೂ ಮುಟ್ಟಿದವು. ಕೊನೆಗೆ ಬಿಳಿಯ ಮೇಲೆ ಹಸಿರು ಹತ್ತಿಕೊಂಡಿತು. ಅಂಗಡಿಯಲ್ಲಿದ್ದ ಅವಳ ತಂದೆ ಗಲ್ಲಾ ಬಿಟ್ಟು ಓಡಿಬಂದರು, ಒಳಗೆ ನಾವಿಬ್ಬರೂ ಅಷ್ಟು ಜೋರಾಗಿ ಕೂಗಿದ್ದೆವು.

ಅನ್ನದ ಮೇಲೆ ಬೆಳೆಸಲು ಹೋದರೆ ನಮ್ಮ ಕೈಯಲ್ಲಿ ಅದು ಮುದ್ದೆಯಾಗಿ ಹುಳಿ ಬಂತು. ರಾಗಿ ಅರೆಬೇಯಿಸಿದರೆ ಕಾಳು ಬಿಡಿಬಿಡಿಯಾಗಿ ನಿಂತು, ಒಂದೊಂದಕ್ಕೂ ಹಸಿರು ಹತ್ತಿತು. ಅದನ್ನು ಕೊಟ್ಟಿಗೆ ಗೊಬ್ಬರಕ್ಕೂ ಬೇವಿನ ಹಿಂಡಿಗೂ ಬೆರೆಸಿ, ತೇವ ಆರದಂತೆ ಗೋಣಿ ಹೊದಿಸಿ ನೆರಳಲ್ಲಿಟ್ಟೆವು. ಮಹೇಶ್ ಮೊದಮೊದಲು ದೂರದಿಂದ ನೋಡುತ್ತಿದ್ದರು. ಒಂದು ಬೆಳಗ್ಗೆ ನಾನು ಹೋಗುವಷ್ಟರಲ್ಲಿ ತಾವೇ ಗೋಣಿಗೆ ನೀರು ಚಿಮುಕಿಸುತ್ತಿದ್ದರು. ‘ಒಣಗ್ತಾ ಇತ್ತು’ ಎಂದರು. ನೀರು ಬಸಿದುಹೋಗಲು ಸಾಲಿನ ನಡುವೆ ಕಾಲುವೆ ತೆಗೆದದ್ದೂ ಅವರೇ. ಬೋರ್ಡೋ ದ್ರಾವಣದ ಡ್ರಮ್ಮು ಬೋರಲಾಯಿತು.

ತೋಟದ ಮುಂದಿನ ಭಾಗ ಪೂರ್ತಿ ಹೋಯಿತು. ಅದನ್ನು ಉಳಿಸಲಾಗಲಿಲ್ಲ. ಆದರೆ ನಡುಸಾಲಿನಿಂದ ಹಿಂದಕ್ಕೆ ಸಾವು ನಿಂತಿತು. ಸಂಕ್ರಾಂತಿಯ ಹೊತ್ತಿಗೆ, ಸತ್ತವೆಂದು ಬಿಟ್ಟಿದ್ದ ಕೆಲವು ಬಳ್ಳಿಗಳ ಗಿಣ್ಣಿನಲ್ಲಿ ಕೆಂಪು ಚಿಗುರು ಕಂಡಿತು. ಜೆಸಿಬಿಯವನು ಫೋನು ಮಾಡಿದಾಗ ಮಹೇಶ್, ‘ಈಗ ಬ್ಯಾಡ ಬುಡಪ್ಪ’ ಎಂದರು. ಶಾಹೀನಾಳ ಕೋಣೆಗೆ ಗುಬ್ಬಿಯವರು ಒಬ್ಬೊಬ್ಬರಾಗಿ ಮತ್ತೆ ಬರತೊಡಗಿದ್ದಾರೆ. ಅವಳು ಈಗ ಬರೀ ಪುಡಿ ಕೊಟ್ಟು ಕಳಿಸುವುದಿಲ್ಲ. ಮೊದಲು ಕೂರಿಸಿ, ತೋಟದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತಾಳೆ.

ಮೊನ್ನೆ ಭಾನುವಾರ ಎಲ್ಲರೂ ತೋಟದಲ್ಲಿದ್ದಾಗ ಲಾನ್‌ಳ ವಿಡಿಯೋ ಕಾಲ್ ಬಂತು. ಪಕ್ಕದಲ್ಲಿ ಬಾಯ್ ಅಕ್ಕ. ಮಹೇಶ್ ನನ್ನ ಕೈಯಿಂದ ಫೋನು ತೆಗೆದುಕೊಂಡು, ಬೀಗುತ್ತಾ ಒಂದೊಂದೇ ಚಿಗುರು ತೋರಿಸುತ್ತಾ ಹೋದರು. ಹೊಗಳಿಕೆ ಬರುತ್ತದೆಂದು ಕಾದರು. ಅತ್ತ ಕಡೆಯಿಂದ ಬಂದದ್ದು ಜೋರು ಕೂಗು.

‘ಏನಂತೆ?’ ಎಂದರು ಮಹೇಶ್ ಗಾಬರಿಯಾಗಿ.

ಲಾನ್ ತನ್ನ ಹಾಸ್ಟೆಲ್ ಕನ್ನಡದಲ್ಲಿ ಹೇಳಿದಳು: ‘ಅಣ್ಣ, ಹಿಂದೆ ನೋಡಿ. ಅಲ್ಲಿ ನೀರು ನಿಂತಿದೆ. ಚಿಕ್ಕಮ್ಮ ಬೈತಾ ಇದಾರೆ.’

ತಿರುಗಿ ನೋಡಿದೆವು. ಪೈಪಿನ ಜಾಯಿಂಟ್ ಸೋರಿ, ಹೊಸ ಚಿಗುರಿನ ಬುಡದಲ್ಲೇ ಒಂದು ಸಣ್ಣ ಹೊಂಡವಾಗಿತ್ತು. ನಮಗೆ ಯಾರಿಗೂ ಕಂಡಿರಲಿಲ್ಲ.

‘ಅಷ್ಟು ದೂರದಿಂದ ಕಾಣ್ತದಾ ಅವ್ರಿಗೆ?’ ಎಂದರು ಮಹೇಶ್. ಫೋನನ್ನು ನನ್ನ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ಗುದ್ದಲಿ ತಂದು ಕಾಲುವೆ ಕಡಿಯಲು ನಿಂತರು. ನಾನು ಕಾಣುವ ಹಾಗೆ ಫೋನು ಹಿಡಿದೆ. ಬಾಯ್ ಅಕ್ಕ ಅಲ್ಲಿಂದಲೇ ಬೆರಳು ತೋರಿಸುತ್ತಿದ್ದರು, ಲಾನ್ ‘ಇನ್ನೂ ಆಳ, ಅಣ್ಣ, ಇನ್ನೂ ಸ್ವಲ್ಪ’ ಎನ್ನುತ್ತಿದ್ದಳು. ನೀರು ಪೂರ್ತಿ ಹರಿದುಹೋಗುವವರೆಗೂ ಬಾಯ್ ಅಕ್ಕ ಫೋನು ಇಡಲು ಬಿಡಲಿಲ್ಲ.